ಬೋರ್ಡೋ ದ್ರಾವಣದ ಹಿಂದಿನ ರಾಸಾಯನಿಕ ಕ್ರಿಯೆಗಳು

ಅಡಿಕೆ ಬೆಳೆಗಾರರಿಗೆ ಕೊಳೆರೋಗದ ಪರಿಚಯ ಮಾಡಿಕೊಡಬೇಕಾಗಿಲ್ಲ. ಮುಂಗಾರು ಬಿಡದೆ ಸುರಿದ ವರ್ಷ ಔಷಧಿ ಕಾಣದ ತೋಟದಲ್ಲಿ ಹಸಿ ಕಾಯಿಗಳು ಕೊಳೆತು ಉದುರಿ, ವರ್ಷದ ದುಡಿಮೆಯೆಲ್ಲ ಮರದ ಬುಡ ಸೇರುತ್ತದೆ. ಫ್ರಾನ್ಸಿನ ವಿಜ್ಞಾನಿ ಮಿಲಾರ್ಡೆ 1885ರಲ್ಲಿ ದ್ರಾಕ್ಷಿಯ ರೋಗಕ್ಕೆಂದು ಪ್ರಕಟಿಸಿದ ಬೋರ್ಡೋ ದ್ರಾವಣವನ್ನು ನಮ್ಮ ಅಡಿಕೆಗೆ ಹೊಂದಿಸಿಕೊಟ್ಟವರು ಮೈಸೂರು ಸಂಸ್ಥಾನದ ಡಾ. ಲೆಸ್ಲಿ ಕೋಲ್ಮನ್. ಈ ರೋಗವನ್ನು ಕುರಿತ ಅವರ ಪುಸ್ತಿಕೆ 1910ರಲ್ಲಿ ಹೊರಬಂದಿತು.

"ಸ್ವಾಮಿ, ಎರಡು ಸಲ ಹೊಡೆದರೂ ಕಾಯಿ ಉದುರಿತಲ್ಲ?" ಎಂದು ಕೇಳುವ ರೈತರು ಇಂದಿಗೂ ಇದ್ದಾರೆ. ಮಳೆಯ ಜೋರು, ಸಿಂಪಡಣೆಯ ವಿಳಂಬ ಇವೂ ಕಾರಣಗಳೇ. ಆದರೆ ಎಷ್ಟೋ ಸಲ ದೋಷವಿರುವುದು ದ್ರಾವಣ ಕಲಸುವ ಪೀಪಾಯಿಯಲ್ಲಿ. ಅಲ್ಲಿ ನಡೆಯುವುದೇನೆಂದು ತಿಳಿದರೆ, ಮಕ್ಕಳ ಶಾಲಾ ಪುಸ್ತಕದ ಸಂಯೋಗ, ವಿಭಜನೆ, ಪಲ್ಲಟ ಮುಂತಾದ ಕ್ರಿಯೆಗಳೆಲ್ಲ ನಮ್ಮ ಅಂಗಳದಲ್ಲಿಯೇ ಕಾಣಸಿಗುತ್ತವೆ.

ಮೊದಲು ಸುಣ್ಣದ ವಿಚಾರ. ಗೂಡಿನಲ್ಲಿ ಸುಣ್ಣಕಲ್ಲನ್ನೋ ಚಿಪ್ಪನ್ನೋ ಸುಟ್ಟಾಗ ಅದು ಎರಡಾಗಿ ಒಡೆಯುತ್ತದೆ. 100 ಕಿಲೋ ಶುದ್ಧ ಸುಣ್ಣಕಲ್ಲಿನಿಂದ 44 ಕಿಲೋ ಇಂಗಾಲಾಮ್ಲ ಅನಿಲ ಹಾರಿಹೋಗಿ 56 ಕಿಲೋ ಸುಟ್ಟ ಸುಣ್ಣ ಉಳಿಯುತ್ತದೆ. ಇದು ವಿಭಜನೆ. ಆ ಸುಣ್ಣಕ್ಕೆ ನೀರು ಹಾಕಿದೊಡನೆ ಕೊತಕೊತ ಕುದಿದು ಅರಳುವುದು ಸಂಯೋಗ. ಸುಣ್ಣ ಮತ್ತು ನೀರು ಕೂಡಿ ಒಂದೇ ವಸ್ತುವಾಗುವಾಗ ಶಾಖ ಹೊರಬೀಳುತ್ತದೆ. ಈ ಕೆಲಸದಲ್ಲಿ ಕಣ್ಣು ಜೋಪಾನ.

ಅರಳಿದ ಸುಣ್ಣವನ್ನು ತೆರೆದಿಟ್ಟರೆ ಗಾಳಿಯಲ್ಲಿನ ಇಂಗಾಲಾಮ್ಲವನ್ನು ಹೀರಿ ಪುನಃ ಸುಣ್ಣಕಲ್ಲಿನ ಪುಡಿಯೇ ಆಗುತ್ತದೆ. ನೋಡಲು ಬೆಳ್ಳಗೆಯೇ ಇರುತ್ತದೆ, ಆದರೆ ಕೆಲಸಕ್ಕೆ ಬಾರದು. ಕಳೆದ ವರ್ಷ ಉಳಿದ ಸುಣ್ಣದ ಚೀಲವನ್ನು ಈ ವರ್ಷ ಬಳಸುವವರು ಇದನ್ನು ಗಮನಿಸಬೇಕು.

ಇನ್ನು ಮುಖ್ಯ ಕ್ರಿಯೆ. ಶೇಕಡಾ 1ರ ದ್ರಾವಣಕ್ಕೆ 1 ಕಿಲೋ ಮೈಲುತುತ್ತವನ್ನು 50 ಲೀಟರ್ ನೀರಿನಲ್ಲಿಯೂ 1 ಕಿಲೋ ಸುಣ್ಣವನ್ನು ಬೇರೆ 50 ಲೀಟರ್ ನೀರಿನಲ್ಲಿಯೂ ಕರಗಿಸಿ, ಸುಣ್ಣದ ನೀರನ್ನು ಸೋಸಿಕೊಳ್ಳಿ. ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನವಾಗಿ ಸುರಿಯುತ್ತ ಕಲಕಬೇಕು, ಅದಲುಬದಲು ಮಾಡಕೂಡದು. ಆಗ ತಾಮ್ರವೂ ಸುಣ್ಣವೂ ತಮ್ಮ ಜೊತೆಗಾರರನ್ನು ಬದಲಾಯಿಸಿಕೊಳ್ಳುತ್ತವೆ. ಒಂದು ಕಡೆ ನೀರಿನಲ್ಲಿ ಕರಗದ, ಎಲೆ ಕಾಯಿಗಳಿಗೆ ಅಂಟಿಕೊಳ್ಳುವ ನೀಲಿ ತಾಮ್ರದ ಸಂಯುಕ್ತ, ಇನ್ನೊಂದು ಕಡೆ ಜಿಪ್ಸಂ. ಇದೇ ದ್ವಿಪಲ್ಲಟ. ನಿಜದಲ್ಲಿ ಆ ನೀಲಿ ವಸ್ತುವಿನ ರಚನೆ ಇಷ್ಟು ಸರಳವಲ್ಲ, ಆದರೆ ತೋಟದ ಮಟ್ಟಿಗೆ ಇಷ್ಟು ಸಾಕು.

ಲೆಕ್ಕದ ಪ್ರಕಾರ 1 ಕಿಲೋ ಮೈಲುತುತ್ತಕ್ಕೆ ಶುದ್ಧ ಅರಳಿದ ಸುಣ್ಣ ಸುಮಾರು 300 ಗ್ರಾಂ ಸಾಕು. ಹಾಗಾದರೆ 1 ಕಿಲೋ ಏಕೆ? ಪೇಟೆಯ ಸುಣ್ಣ ಶುದ್ಧವಾಗಿರುವುದಿಲ್ಲ, ಮತ್ತು ತಾಮ್ರ ಕರಗಿದ ರೂಪದಲ್ಲಿ ಉಳಿದರೆ ಎಳೆಗಾಯಿ ಸುಡುತ್ತದೆ. ಸುಣ್ಣ ಉಳಿತಾಯ ಮಾಡುವುದು ಲಾಭದ ವ್ಯವಹಾರವಲ್ಲ.

ಕರಗಿದ ತಾಮ್ರ ಉಳಿದಿದೆಯೇ ಎಂದು ತಿಳಿಯಲು ಉಜ್ಜಿ ಹೊಳಪಿಸಿದ ಕಬ್ಬಿಣದ ಚಾಕುವನ್ನು ಒಂದು ನಿಮಿಷ ಅದ್ದಿ ನೋಡಿ. ಕೆಂಪು ಲೇಪ ಕಂಡರೆ, ಕಬ್ಬಿಣ ತಾನು ಕರಗಿ ತಾಮ್ರವನ್ನು ಹೊರಗೆ ತಳ್ಳಿದೆ ಎಂದರ್ಥ. ಇದು ಪಲ್ಲಟ. ಆ ಲೇಪ ಬೀಳದವರೆಗೆ ಸುಣ್ಣದ ನೀರನ್ನು ಸೇರಿಸುತ್ತ ಹೋಗಿ. ಕಬ್ಬಿಣದ ಬಕೇಟು, ತಗಡಿನ ಡಬ್ಬ ಬೇಡವೆನ್ನುವುದೂ ಇದೇ ಕಾರಣಕ್ಕೆ. ನಿಮ್ಮ ತಾಮ್ರವೆಲ್ಲ ಪಾತ್ರೆಯ ಗೋಡೆಗೆ ಹತ್ತಿಬಿಡುತ್ತದೆ. ಪ್ಲಾಸ್ಟಿಕ್, ಮಣ್ಣು ಅಥವಾ ಮರದ ಪಾತ್ರೆ ಒಳ್ಳೆಯದು.

ಮೊದಲ ಸಿಂಪಡಣೆ ಮುಂಗಾರು ಹಿಡಿಯುವ ಮುನ್ನ, ಎರಡನೆಯದು 40–45 ದಿನಗಳ ನಂತರ ಆಗಬೇಕು. ದ್ರಾವಣ ಹಳೆಯದಾದಂತೆ ನೀಲಿ ಕಣಗಳು ದಪ್ಪಗಾಗಿ ತಳ ಸೇರುವುದರಿಂದ, ಬೆಳಿಗ್ಗೆ ಕಲಸಿದ್ದನ್ನು ಸಂಜೆಯೊಳಗೆ ಹೊಡೆದು ಮುಗಿಸಿ.