ಕಳೆದುಹೋಗದ ಅಪ್ಪ

ಕಾಲೇಜಿನಲ್ಲಿ ಪ್ರವೇಶದ ಅರ್ಜಿ ತುಂಬಿಸಿಕೊಳ್ಳುವ ಕೆಲಸ ಒಮ್ಮೆ ನನ್ನ ಪಾಲಿಗೆ ಬಂದಿತ್ತು. ದೇವದಾಸಿ ತಾಯಿಯ ಮಗಳೊಬ್ಬಳು ‘ತಂದೆಯ ಹೆಸರು’ ಅನ್ನೋ ಕಡೆ ಖಾಲಿ ಬಿಟ್ಟಿದ್ದಳು. ‘ತಂದೆ ಎಲ್ಲಿದಾರೋ ಗೊತ್ತಿಲ್ವೇನಮ್ಮ?’ ಅಂದೆ. ‘ನಮ್ಮಪ್ಪ ಕಳದಿಲ್ರೀ ಸರ. ದಿನಾ ಬಸ್‌ಸ್ಟ್ಯಾಂಡಿನ್ಯಾಗ ಕಾಣ್ತಾನ. ಹೆಸರು ಬರೀಬ್ಯಾಡ ಅಂದಾನ’ ಅಂದಳು. ಎಂ.ಎ. ಓದುವಾಗ ಕಲಿತಿದ್ದ ‘ತಂದೆಯ ಹುಡುಕಾಟ’ ಎಂಬ ಮಾತಿನ ಬಗ್ಗೆ ನನಗೆ ಅನುಮಾನ ಶುರುವಾದದ್ದು ಅವತ್ತು.

ನಮ್ಮ ವಿಮರ್ಶೆ ಈ ಮಾತನ್ನು ಬಹಳ ಸಲೀಸಾಗಿ ಬಳಸುತ್ತದೆ. ಅನಂತಮೂರ್ತಿಯವರ ‘ಭವ’ (1994) ಕಾದಂಬರಿಯಲ್ಲಿ ಯಾರು ಯಾರ ಮಗ ಅನ್ನೋದು ಗೂಢ. ಕಾದಂಬರಿಯ ದೊಡ್ಡ ಪ್ರಶ್ನೆಗಳು ಹುಟ್ಟುವುದೇ ಆ ಗೂಢದಿಂದ. ಇದೇ ಅಳತೆಗೋಲು ಹಿಡಿದು ಶರಣಕುಮಾರ ಲಿಂಬಾಳೆಯವರ ಮರಾಠಿ ಆತ್ಮಕಥೆ ‘ಅಕ್ಕರಮಾಶಿ’ (1984)ಯನ್ನು ಓದಿದರೆ ಎಡವುತ್ತೇವೆ. ಸೊಲ್ಲಾಪುರ ಸೀಮೆಯ ಈ ಕಥೆಯಲ್ಲಿ ತಾಯಿ ಮಹಾರ್ ಜಾತಿಯವಳು, ತಂದೆ ಲಿಂಗಾಯತ ಪಾಟೀಲ. ಹುಟ್ಟಿಸಿದವನು ಯಾರೆಂದು ಊರಿಗೆಲ್ಲ ಗೊತ್ತು. ಶಾಲೆಯ ಮೇಷ್ಟ್ರು ಅವನ ಹೆಸರನ್ನೇ ದಾಖಲೆಗೆ ಬರೆದಾಗ ಬೇಡವೆಂದು ಬೆದರಿಸಲು ಅವನೇ ಬರುತ್ತಾನೆ, ಮೇಷ್ಟ್ರು ಜಗ್ಗುವುದಿಲ್ಲ. ಅಪ್ಪನ ಜಾಗದಲ್ಲಿ ನಿಂತು ಸಾಕಿದವನು ಅಜ್ಜಿಯ ಜೊತೆಗಿದ್ದ ಒಬ್ಬ ಮುಸಲ್ಮಾನ.

ಅಂದರೆ ಇಲ್ಲಿ ಹುಡುಗ ಕೇಳುತ್ತಿರುವುದು ಅಪ್ಪ ಯಾರೆಂದಲ್ಲ, ಯಾಕೆ ಒಪ್ಪುತ್ತಿಲ್ಲ ಎಂದು. ಹೆಣ್ಣಿನ ಮೈ ಮುಟ್ಟುವಾಗ ಅಡ್ಡ ಬಾರದ ಜಾತಿ, ಹುಟ್ಟಿದ ಕೂಸಿಗೆ ಹೆಸರು ಕೊಡುವಾಗ ಅಡ್ಡ ಬರುತ್ತದೆ. ಹೆಸರು ಕೊಟ್ಟರೆ ಹೊಲಮನೆಯ ಪಾಲಿನ ಮಾತೂ ಬರುತ್ತದೆ. ಇದನ್ನು ‘ಅಸ್ತಿತ್ವದ ತಳಮಳ’ ಎಂದು ಕರೆದರೆ ಪಾಟೀಲನಿಗೆ ಹಿತ್ತಲ ಬಾಗಿಲು ತೆಗೆದುಕೊಟ್ಟ ಹಾಗಾಗುತ್ತದೆ.

ಇದೇ ಪಾಟೀಲನ ಧರ್ಮದ ಮೂಲಪುರುಷ ಬಸವಣ್ಣ, ಹನ್ನೆರಡನೆಯ ಶತಮಾನದಲ್ಲಿ, ತಾನು ಹುಟ್ಟಿದ ಬ್ರಾಹ್ಮಣ ಕುಲವನ್ನು ಬಿಟ್ಟು ಮಾದಾರ ಚೆನ್ನಯ್ಯನನ್ನು ಅಪ್ಪನೆಂದು ತನ್ನ ವಚನದಲ್ಲಿ ಕರೆದುಕೊಂಡಿದ್ದ. ಕೇರಿಯವನನ್ನು ಅಪ್ಪನೆಂದು ಒಪ್ಪಿಕೊಂಡ ಪರಂಪರೆಯವರಿಗೆ ಕೇರಿಯಲ್ಲಿ ಹುಟ್ಟಿದ ಸ್ವಂತ ಮಗನನ್ನು ಒಪ್ಪಲಾಗಲಿಲ್ಲ.

ಕರ್ನಾಟಕದ 1982ರ ಕಾಯಿದೆ ದೇವದಾಸಿಯಾಗಿ ಬಿಡುವುದನ್ನು ಅಪರಾಧವೆಂದಿತು. 2025ರಲ್ಲಿ ವಿಧಾನಮಂಡಲ ಒಪ್ಪಿದ ಮಸೂದೆ ಮಕ್ಕಳ ಪ್ರಶ್ನೆಗೂ ಕೈ ಹಾಕಿದೆ. ಅದರ ಪ್ರಕಾರ ದಾಖಲೆಗಳಲ್ಲಿ ತಂದೆಯ ಹೆಸರು ಕಡ್ಡಾಯವಲ್ಲ. ಬೇಕೆನ್ನುವ ಮಕ್ಕಳು ತಂದೆಯನ್ನು ಗುರುತಿಸಿಕೊಡಿ ಎಂದು ಕೇಳಬಹುದು. ಆತ ಒಲ್ಲೆನೆಂದರೆ ನ್ಯಾಯಾಲಯದ ಮೂಲಕ ಡಿಎನ್‌ಎ ಪರೀಕ್ಷೆಗೂ ದಾರಿಯಿದೆ. ಬೇಡ ಅನ್ನುವ ಹಕ್ಕು, ಬೇಕು ಅನ್ನುವ ಹಕ್ಕು ಎರಡೂ ಮಕ್ಕಳದೇ ಎಂಬುದು ಇದರಲ್ಲಿ ಮುಖ್ಯ.

ವಿಮರ್ಶೆಯೂ ಇಷ್ಟನ್ನಾದರೂ ಕಲಿಯಬೇಕು. ದಲಿತ ಆತ್ಮಕಥೆಗಳನ್ನು ಓದುವಾಗ ಮಗ ಯಾರನ್ನು ಹುಡುಕುತ್ತಿದ್ದಾನೆ ಎಂದು ಕೇಳಿದರೆ ಸಾಲದು. ಅಪ್ಪ ಎಲ್ಲಿ ಅಡಗಿದ್ದಾನೆ, ಅಡಗಲು ಜಾಗ ಕೊಟ್ಟವರು ಯಾರು ಎಂದೂ ಕೇಳಬೇಕು. ಆ ಹುಡುಗಿ ಅವ್ವನ ಹೆಸರನ್ನಷ್ಟೇ ಬರೆದು ಅರ್ಜಿ ಕೊಟ್ಟಳು. ನಾನು ಸಹಿ ಹಾಕಿದೆ.