ಕೊತ್ತಂಬರಿ ಬೀಜದ ಪರಿಮಳದ ಎಣ್ಣೆ

ಸಾರಿನ ಪುಡಿಗೆ ಕೊತ್ತಂಬರಿ ಬೀಜ ಹುರಿಯುತ್ತೀರಿ. ಮನೆಯೆಲ್ಲಾ ಘಮ್ ಅನ್ನುತ್ತೆ. ಆ ಘಮ ಎಲ್ಲಿಂದ ಬಂತು? ಬೀಜದ ಒಳಗಿರುವ ಎಣ್ಣೆಯಿಂದ.

ಈ ಬೀಜಕ್ಕೆ ಕೆಲವು ಕಡೆ ಧನಿಯ ಅಂತಾರೆ. ಕೆಲವು ಕಡೆ ಹವೀಜ ಅಂತಾರೆ. ಹೆಸರು ಬೇರೆ, ಬೀಜ ಒಂದೇ.

ಎರಡು ತರಹದ ಎಣ್ಣೆ

ಬೀಜದಲ್ಲಿ ಎರಡು ಎಣ್ಣೆ ಇದೆ. ಒಂದು ಜಿಡ್ಡಿನ ಎಣ್ಣೆ. ಶೇಂಗಾ ಎಣ್ಣೆಯ ಹಾಗೆ. ಕಾಗದದ ಮೇಲೆ ಬಿದ್ದರೆ ಕಲೆ ಉಳಿಯುತ್ತೆ. ಇನ್ನೊಂದು ಪರಿಮಳದ ಎಣ್ಣೆ. ಇದು ಗಾಳಿಗೆ ಹಾರಿ ಹೋಗುತ್ತೆ. ಸೋಪು, ಸೆಂಟು, ತಿಂಡಿ ತಿನಿಸಿಗೆ ಇದನ್ನು ಹಾಕುತ್ತಾರೆ.

ದಪ್ಪ ಬೀಜ, ಸಣ್ಣ ಬೀಜ

ನಮ್ಮ ದೇಶದ ಬೀಜ ದಪ್ಪ. ಹೆಚ್ಚುಕಡಿಮೆ ಕಾಳುಮೆಣಸಿನ ಗಾತ್ರ. ರಾಜಸ್ಥಾನ, ಮಧ್ಯಪ್ರದೇಶ, ಗುಜರಾತಿನಲ್ಲಿ ಇದನ್ನು ಬಹಳ ಬೆಳೀತಾರೆ. ರಷ್ಯಾ, ಉಕ್ರೇನಿನಂಥ ತಂಪು ದೇಶದ ಬೀಜ ಸಣ್ಣದು.

ಎಣ್ಣೆ ಯಾವುದರಲ್ಲಿ ಹೆಚ್ಚು? ದಪ್ಪ ಬೀಜದಲ್ಲಿ ಅಂತೀರಾ? ಅಲ್ಲ. ಸಣ್ಣ ಬೀಜದಲ್ಲೇ ಹೆಚ್ಚು!

100 ಕಿಲೋ ಸಣ್ಣ ಬೀಜಕ್ಕೆ ಸುಮಾರು 1 ಕಿಲೋ ಪರಿಮಳದ ಎಣ್ಣೆ ಬರುತ್ತೆ. ಒಳ್ಳೆಯ ತಳಿಯಾದರೆ ಇನ್ನೂ ಹೆಚ್ಚು. 100 ಕಿಲೋ ದಪ್ಪ ಬೀಜಕ್ಕೆ 100 ಗ್ರಾಮಿನಿಂದ 350 ಗ್ರಾಮಿನವರೆಗೆ ಬರುತ್ತೆ, ಅಷ್ಟೇ.

ಎಣ್ಣೆ ತೆಗೆಯೋದು ಹೇಗೆ?

ಹಸಿ ಗಿಡ, ಎಳೆ ಕಾಯಿಗೆ ಒಂಥರಾ ತಿಗಣೆ ವಾಸನೆ. ಕಾಯಿ ಬಲಿತರೆ ಆ ವಾಸನೆ ಹೋಗಿ ಒಳ್ಳೆಯ ಪರಿಮಳ ಬರುತ್ತೆ. ಅದಕ್ಕೇ ಬಲಿತ ಬೀಜವನ್ನೇ ಆರಿಸುತ್ತಾರೆ.

ಗಾಣದಲ್ಲಿ ಇದನ್ನು ತೆಗೆಯೋಕೆ ಆಗೋದಿಲ್ಲ. ಹಬೆ ಬೇಕು. ಬೀಜವನ್ನು ಜಜ್ಜಿ ಕೂಡಲೇ ಭಟ್ಟಿಗೆ ತುಂಬುತ್ತಾರೆ. ಕೆಳಗಿನಿಂದ ಹಬೆ ಬಿಡುತ್ತಾರೆ. ಹಬೆಯ ಜೊತೆ ಎಣ್ಣೆಯೂ ಆವಿಯಾಗಿ ಮೇಲೇಳುತ್ತೆ. ಕೊಳವೆಯಲ್ಲಿ ಹೋಗುವಾಗ ಅದನ್ನು ತಣ್ಣಗೆ ಮಾಡುತ್ತಾರೆ. ಆಗ ಆವಿ ನೀರಾಗುತ್ತೆ. ಅನ್ನದ ಪಾತ್ರೆಯ ಮುಚ್ಚಳದ ಒಳಗೆ ಹನಿ ಕೂಡೋದಿಲ್ಲವೇ, ಹಾಗೆ. ಎಣ್ಣೆ ನೀರಿಗಿಂತ ಹಗುರ. ಮೇಲೆ ತೇಲುತ್ತೆ. ಅದನ್ನು ಬೇರೆ ಮಾಡುತ್ತಾರೆ. ಉಳಿದ ಚರಟ ದನಕರುಗಳಿಗೆ ಮೇವು.

ಲೆಕ್ಕ ಕೇಳಿ

ಯಾರಾದರೂ ನಿಮ್ಮ ಸಂಘಕ್ಕೆ ಬರಬಹುದು. "ಸಾಲ ಮಾಡಿ ಭಟ್ಟಿ ಹಾಕಿ, ಎಣ್ಣೆಯಲ್ಲಿ ಬಹಳ ಲಾಭ" ಅನ್ನಬಹುದು. ಹೆಬ್ಬೆಟ್ಟು ಒತ್ತುವ ಕಾಲ ಹೋಯಿತು. ಸಹಿ ಹಾಕುವ ಮೊದಲು ಕೇಳಿ:

ಬೀಜ ಯಾವ ತಳಿ?
100 ಕಿಲೋಗೆ ಎಷ್ಟು ಎಣ್ಣೆ?
ಸೌದೆ, ನೀರಿನ ಖರ್ಚು ಎಷ್ಟು?
ಎಣ್ಣೆ ಕೊಳ್ಳುವವರು ಯಾರು? ಏನು ಬೆಲೆ?

ಉತ್ತರವನ್ನು ನಿಮ್ಮ ಪುಸ್ತಕದಲ್ಲಿ ಬರೆದುಕೊಳ್ಳಿ. 10 ಕ್ವಿಂಟಲ್ ದಪ್ಪ ಬೀಜ ಬೇಯಿಸಿದರೂ ಮೂರೂವರೆ ಕಿಲೋ ಎಣ್ಣೆ ದಾಟೋದು ಕಷ್ಟ. ಬೀಜವನ್ನೇ ಮಾರಿದರೆ ಎಷ್ಟು ಬರುತ್ತೆ? ಎರಡನ್ನೂ ಪಕ್ಕ ಪಕ್ಕ ಬರೆದು ನೋಡಿ. ಆಮೇಲೆ ತೀರ್ಮಾನ ಮಾಡಿ.

ಅಡುಗೆ ಮನೆಯಲ್ಲಿ

ನಮ್ಮ ಬೀಜದಲ್ಲಿ ಇರೋದೇ ಸ್ವಲ್ಪ ಪರಿಮಳ. ಅದನ್ನು ಉಳಿಸಿಕೊಳ್ಳೋಣ. ಬೀಜವನ್ನು ಇಡಿಯಾಗಿ ಇಡಿ. ಡಬ್ಬಿಯ ಮುಚ್ಚಳ ಬಿಗಿಯಾಗಿರಲಿ. ಸಣ್ಣ ಉರಿಯಲ್ಲಿ ಹುರಿಯಿರಿ. ಬೇಕಾದಷ್ಟೇ ಪುಡಿ ಮಾಡಿ. ಪುಡಿ ಮಾಡಿ ಬಹಳ ದಿನ ಇಟ್ಟರೆ ಎಣ್ಣೆ ಹಾರಿ ಹೋಗುತ್ತೆ. ಆಗ ಸಾರಿಗೆ ಬಣ್ಣ ಬರುತ್ತೆ, ಘಮ ಬರೋದಿಲ್ಲ.