ನಂಬರು ಯಾರ ಹೆಸರಿನಲ್ಲಿದೆ?



ಯುಗಾದಿ, ರಾಜ್ಯೋತ್ಸವ, ಮಕ್ಕಳ ನಾಟಕಗಳ ವರದಿಯ ನಡುವೆ ವಿಚ್ಛೇದನದ ಮಾತಿಗೆ ಜಾಗವೆಲ್ಲಿ ಎನ್ನಬಹುದು. ಆದರೆ ಪಾರ್ಕ್‌ಲ್ಯಾಂಡ್ಸ್‌ನ ನಮ್ಮ ಮನೆಗಳಲ್ಲೂ ಅದು ನಡೆಯುತ್ತದೆ, ನನ್ನ ಮನೆಯಲ್ಲೂ ನಡೆಯಿತು. ಕಾರಣಗಳು ಇಲ್ಲಿ ಬೇಡ. ಅದರ ಬೆನ್ನಿಗೇ ಬಂದ ಒಂದು ಕೆಲಸದ ಬಗ್ಗೆ ಮಾತ್ರ ಬರೆಯುತ್ತೇನೆ. ಅದು ಇಬ್ಬರೂ ಹಂಚಿಕೊಂಡಿದ್ದ ಮೊಬೈಲ್ ಕಾಂಟ್ರಾಕ್ಟಿನಿಂದ ಬೇರೆಯಾಗುವುದು.

ನಮ್ಮದು ತಿಂಗಳ ಬಿಲ್ಲಿನ ಒಂದೇ ಖಾತೆ. ಅವರದು, ನನ್ನದು, ಮಗಳದು ಎಂದು ಮೂರು ನಂಬರು, ಮೂರೂ ಅವರ ಪಾಸ್‌ಪೋರ್ಟಿನ ಮೇಲೆ. ನೈರೋಬಿಗೆ ಬಂದಿಳಿದಾಗ ವರ್ಕ್ ಪರ್ಮಿಟ್ ಇದ್ದದ್ದು ಅವರಿಗೆ, ಹಾಗಾಗಿ ಎಲ್ಲವೂ ಅವರ ಹೆಸರಿಗೇ ಆಯಿತು. ನಮ್ಮಲ್ಲಿ ಎಷ್ಟೋ ಮನೆಗಳ ಕಥೆ ಇದೇ ತಾನೆ?

"ಹೊಸ ಸಿಮ್ ತಗೊಂಡ್ರೆ ಮುಗೀತಲ್ಲಕ್ಕಾ" ಎಂದ ಬೆಂಗಳೂರಿನ ನನ್ನ ತಮ್ಮ. ಇಲ್ಲಿ ಅಷ್ಟು ಸುಲಭವಲ್ಲ. ಮಾರ್ಚ್ 2007ರಲ್ಲಿ ಎಂ-ಪೆಸಾ ಶುರುವಾದ ಮೇಲೆ ಕೀನ್ಯಾದಲ್ಲಿ ಫೋನ್ ನಂಬರೇ ಹಣದ ಚೀಲ. ಸಿಟಿ ಪಾರ್ಕ್ ಮಾರ್ಕೆಟ್ಟಿನ ತರಕಾರಿಗೆ, ಶಾಲೆಯ ಫೀಸಿಗೆ, ಮನೆಗೆಲಸದವರ ಸಂಬಳಕ್ಕೆ ಎಲ್ಲಕ್ಕೂ ಅದೇ. ಕರೆಂಟಿಗೆ ದುಡ್ಡು ಕಟ್ಟಿದರೆ ಮೀಟರಿಗೆ ಒತ್ತಬೇಕಾದ 20 ಅಂಕೆಗಳ ಟೋಕನ್ ಬರುವುದೂ ಫೋನಿಗೇ.

ಈ ಚೀಲದ ಯಜಮಾನರು ಯಾರು? ಫೋನು ಯಾರ ಕೈಯಲ್ಲಿದೆ ಎಂಬುದು ಲೆಕ್ಕಕ್ಕಿಲ್ಲ, ಸಿಮ್ ಯಾರ ಹೆಸರಿನಲ್ಲಿ ನೋಂದಣಿಯಾಗಿದೆಯೋ ಅವರೇ ಯಜಮಾನರು. ನಿಯಮಗಳ ಪ್ರಕಾರ ಪ್ರತಿ ಸಿಮ್ಮಿನ ಹಿಂದೆಯೂ ಒಬ್ಬರ ಗುರುತಿನ ದಾಖಲೆ ಇರಲೇಬೇಕು. ಯಾರಾದರೂ ನಮಗೆ ಎಂ-ಪೆಸಾ ಮಾಡಿದರೆ ಅವರ ಫೋನಿನಲ್ಲಿ ಕಾಣುವುದೂ ಆ ನೋಂದಣಿಯ ಹೆಸರೇ. ಬಿಟ್ಟು ಬಂದ ಮೇಲೂ ಸ್ನೇಹಿತೆಯೊಬ್ಬಳು ಊಟದ ಪಾಲು ಕಳಿಸಿದಾಗ ಅವಳ ಪರದೆಯ ಮೇಲೆ ಮೂಡಿದ್ದು ಅವರ ಹೆಸರು. ಪಿನ್ ಮರೆತರೆ, ಸಿಮ್ ಕಳೆದರೆ ಮತ್ತೆ ಅವರನ್ನೇ ಕರೆಯಬೇಕು. ಕೋರ್ಟು ಬಿಡುಗಡೆ ಕೊಟ್ಟರೂ ಸಿಮ್ಮು ಕೊಡುವುದಿಲ್ಲ!

ನಮ್ಮ ಮದುವೆ ಬೆಂಗಳೂರಿನಲ್ಲಿ ಆದದ್ದು, ಬಿಡುಗಡೆಯೂ 1955ರ ಹಿಂದೂ ವಿವಾಹ ಕಾಯ್ದೆಯ 13ಬಿ ಕಲಮಿನಂತೆ, ಪರಸ್ಪರ ಒಪ್ಪಿಗೆಯಿಂದ. ಇದರಲ್ಲಿ ಅರ್ಜಿ ಹಾಕಿದ ಮೇಲೆ ಆರು ತಿಂಗಳು ಕಾಯುವುದುಂಟು. ತಕ್ಕ ಸಂದರ್ಭದಲ್ಲಿ ಅದನ್ನು ಮನ್ನಾ ಮಾಡಬಹುದೆಂದು ಸುಪ್ರೀಂ ಕೋರ್ಟು 2017ರಲ್ಲಿ ಹೇಳಿತು. ವಕೀಲರ ಕರಡಿನಲ್ಲಿ ಚಿನ್ನ, ಸೈಟು, ಮಗಳ ರಜೆ ಎಲ್ಲ ಇದ್ದವು. ಮೂರು ಫೋನ್ ನಂಬರುಗಳನ್ನೂ ಯಾವುದು ಯಾರಿಗೆ, ಬಾಕಿ ಯಾರು ಕಟ್ಟಬೇಕು ಎಂಬುದರ ಸಮೇತ ನಾನು ಸೇರಿಸಿದೆ. ಅವರೂ ತಕರಾರು ಮಾಡಲಿಲ್ಲ. ಕಾಯುವ ಆ ತಿಂಗಳುಗಳಲ್ಲೇ ಕೆಲಸ ಮುಗಿಸಿದೆವು.

ಕ್ರಮ ಹೀಗಿತ್ತು. ಮೊದಲು ಎಂ-ಪೆಸಾದಲ್ಲಿದ್ದ ಹಣವನ್ನು ಖಾಲಿ ಮಾಡಿಕೊಂಡೆ. ಮಗಳ ಫೋನಿನ ಕಂತು ಬಾಕಿಯಿತ್ತು, ಅದನ್ನು ಅರ್ಧ ಅರ್ಧ ಹಾಕಿ ತೀರಿಸಿದೆವು. ಆಮೇಲೆ ಇಬ್ಬರೂ ಅಸಲು ಪಾಸ್‌ಪೋರ್ಟ್ ಹಿಡಿದು ಕಂಪನಿಯ ಅಂಗಡಿಗೆ ಹೋದೆವು. ಮಗಳಿಗೆ 18 ತುಂಬಿಲ್ಲ, ಅವಳ ನಂಬರು ನನ್ನ ಹೆಸರಿಗೆ ಬಂತು. ಕೌಂಟರಿನ ಹುಡುಗಿ ಕಾಗದ ನೋಡಿ ತಗ್ಗಿದ ದನಿಯಲ್ಲಿ "ಪೋಲೆ, ಮಾಮಾ" ಎಂದಳು. ನಾವಿಬ್ಬರೂ ಒಟ್ಟಿಗೆ ಕ್ಯೂ ನಿಂತದ್ದು ಅದೇ ಕೊನೆ. ಮನೆಗೆ ಬಂದು ಬ್ಯಾಂಕಿನ ದಾಖಲೆ, ವಾಟ್ಸಾಪಿನ ಎರಡನೇ ಪಿನ್ ಸರಿಮಾಡಿದೆ. ವಾಟ್ಸಾಪ್ ಬೇರೆ ಯಾವ ಕಂಪ್ಯೂಟರಿಗೆ ಜೋಡಿಸಿದೆ ಎಂಬುದನ್ನೂ ನೋಡಿಕೊಂಡೆ. ಊರಿನ ಸಿಮ್ಮನ್ನೂ ಮರೆಯಬೇಡಿ, ಅಲ್ಲಿನ ಬ್ಯಾಂಕಿನ ಓಟಿಪಿ ಬರುವುದು ಅದಕ್ಕೇ. ಭಾರತದಲ್ಲಿ ನಮ್ಮ ಹೆಸರಿನಲ್ಲಿ ಎಷ್ಟು ಸಂಪರ್ಕಗಳಿವೆ ಎಂದು ನೋಡಲು 2023ರಲ್ಲಿ ಬಂದ ಸಂಚಾರ್ ಸಾಥಿ ತಾಣವಿದೆ.

ಇನ್ನೊಬ್ಬರು ಅಂಗಡಿಗೆ ಬರಲು ಒಪ್ಪದಿದ್ದರೆ? ಆಗ ನಮ್ಮದೇ ದಾಖಲೆಯ ಮೇಲೆ ಹೊಸ ನಂಬರು ಪಡೆದು, ಬ್ಯಾಂಕು, ಶಾಲೆಗಳನ್ನು ಒಂದೊಂದಾಗಿ ಅದಕ್ಕೆ ಬದಲಾಯಿಸುವುದೇ ಕ್ಷೇಮ. ಮನೆಯಲ್ಲಿ ಹಿಂಸೆ ಇದ್ದರೆ ಕೀನ್ಯಾದ 2015ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಡಿ ಕೋರ್ಟಿನಿಂದ ರಕ್ಷಣೆಯ ಆದೇಶ ಕೇಳಬಹುದು. ಅಮೆರಿಕದಲ್ಲಿ ಅಕ್ಕತಂಗಿಯರಿರುವವರು ಇದನ್ನೂ ತಿಳಿಸಿ: ಡಿಸೆಂಬರ್ 2022ರ ಸೇಫ್ ಕನೆಕ್ಷನ್ಸ್ ಕಾಯ್ದೆಯಂತೆ, ಹಿಂಸೆಗೆ ಒಳಗಾದವರು ತಕ್ಕ ದಾಖಲೆಯೊಡನೆ ಕೇಳಿದರೆ ಅಲ್ಲಿನ ಕಂಪನಿಗಳು ಎರಡು ಕೆಲಸದ ದಿನಗಳಲ್ಲಿ ಅವರ ನಂಬರನ್ನು ಬೇರ್ಪಡಿಸಬೇಕು. ಖಾತೆದಾರನ ಒಪ್ಪಿಗೆಯೂ ಬೇಕಿಲ್ಲ, ದಂಡವೂ ಇಲ್ಲ.

ಇದು ಬೇರೆಯಾದವರ ಸಮಸ್ಯೆ ಮಾತ್ರ ಎಂದುಕೊಳ್ಳಬೇಡಿ. ಯಜಮಾನರು ಊರಿಗೆ ಹೋಗಿ ತಿಂಗಳುಗಟ್ಟಲೆ ಉಳಿದರೂ, ದೇವರು ಅಂಥದ್ದು ಕೊಡದಿರಲಿ, ತೀರಿಕೊಂಡರೂ ಇದೇ ಪಾಡು. 2022ರ ಮರುನೋಂದಣಿಯಲ್ಲಿ ನಾವೆಲ್ಲ ಒತ್ತಿದ *106# ನೆನಪಿದೆಯಲ್ಲ? ಅವರವರ ಹೆಸರಿನಲ್ಲಿ ಯಾವ ಯಾವ ನಂಬರು ಇವೆ ಎಂದು ತೋರಿಸಿತ್ತು. ಮನೆಯಲ್ಲಿ ಎಲ್ಲ ಚೆನ್ನಾಗಿರುವಾಗಲೇ ಕೂತು ವಿಚಾರಿಸಿ, ಅವರವರ ನಂಬರು ಅವರವರ ಹೆಸರಿಗೆ ಮಾಡಿಕೊಳ್ಳಿ. ಇದರಲ್ಲಿ ಅಪಶಕುನವೇನಿಲ್ಲ.

ಅಂದ ಹಾಗೆ, ನನ್ನ ನಂಬರು ಬದಲಾಗಿಲ್ಲ. ಹಬ್ಬದ ಊಟಕ್ಕೆ ಇವಳನ್ನು ಕರೆಯಬಹುದೋ ಬಾರದೋ ಎಂದು ಯೋಚಿಸುತ್ತಿರುವವರು ಧಾರಾಳವಾಗಿ ಫೋನ್ ಮಾಡಿ. ಕೋಸಂಬರಿ ನಾನೇ ತರುತ್ತೇನೆ.